ಲೆಕ್ಕ ಮುಗಿಸಿಕೊಡುವ ಬರಹ

ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಹೋಬಳಿಯ ರೈತ ಗದ್ದೆಯನ್ನು ಎಕರೆ, ಗುಂಟೆಯಲ್ಲಿ ಹೇಳುತ್ತಾನೆ, ಗೊಬ್ಬರವನ್ನು ಮೂಟೆಯಲ್ಲಿ ಕೊಳ್ಳುತ್ತಾನೆ. ಅವನ ಕೈ ಸೇರುವ ಬೇಸಾಯದ ಕೈಪಿಡಿ ಹೆಕ್ಟೇರು ಮತ್ತು ಪೋಷಕಾಂಶದ ಕಿಲೋಗಳಲ್ಲಿ ಮಾತಾಡುತ್ತದೆ. ‘ನಾಟಿ ಭತ್ತಕ್ಕೆ ಹೆಕ್ಟೇರಿಗೆ 100:50:50 ಪ್ರಮಾಣದಲ್ಲಿ ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಒದಗಿಸತಕ್ಕದ್ದು’ ಎನ್ನುವ ಧಾಟಿಯ ಸಾಲನ್ನು ಕಾಣದ ರೈತನಿಲ್ಲ. ಅದರಲ್ಲಿ ಕಠಿಣ ಪದವೇನೂ ಇಲ್ಲ, ತಪ್ಪೂ ಇಲ್ಲ. ಆದರೂ ಅದನ್ನು ಹಿಡಿದು ಯಾರೂ ಗೊಬ್ಬರದಂಗಡಿಗೆ ಹೋಗಲಾರರು.

ಆ ಸಾಲು ಓದುಗನ ತಲೆಗೆ ಹೊರಿಸಿದ ಕೆಲಸ ನೋಡಿ. ಹೆಕ್ಟೇರನ್ನು ಎಕರೆಗೆ ಇಳಿಸಿದರೆ ಪ್ರಮಾಣ 40:20:20 ಆಗುತ್ತದೆ. 20 ಕಿಲೋ ರಂಜಕಕ್ಕೆ ಸುಮಾರು 43 ಕಿಲೋ ಡಿಎಪಿ ಬೇಕು. ಅದರೊಳಗೇ ಎಂಟು ಕಿಲೋದಷ್ಟು ಸಾರಜನಕ ಬಂದುಬಿಡುತ್ತದೆ. ಉಳಿದ 32 ಕಿಲೋಗೆ ಸುಮಾರು 70 ಕಿಲೋ ಯೂರಿಯಾ, ಪೊಟ್ಯಾಷಿಗೆ 33 ಕಿಲೋ ಎಂಒಪಿ. ಅಂದರೆ ಎಕರೆಗೆ ಒಂದು ಮೂಟೆಗಿಂತ ತುಸು ಕಡಿಮೆ ಡಿಎಪಿ, 45 ಕಿಲೋ ಮೂಟೆಯಲ್ಲಿ ಒಂದೂವರೆಗಿಂತ ತುಸು ಹೆಚ್ಚು ಯೂರಿಯಾ, ಮುಕ್ಕಾಲು ಮೂಟೆಗೂ ಕಡಿಮೆ ಎಂಒಪಿ. ಇಪ್ಪತ್ತು ಗುಂಟೆಯವರಿಗೆ ಇದರ ಅರ್ಧ. ಈ ಎರಡು ಸಾಲು ಬರೆಯಲು ತಜ್ಞನಿಗೆ ಐದು ನಿಮಿಷ ಸಾಕು. ಅವನು ಬರೆಯದಿದ್ದರೆ ಪ್ರತಿಯೊಬ್ಬ ಓದುಗನೂ ಆ ಲೆಕ್ಕವನ್ನು ತಾನೇ ಮಾಡಬೇಕು, ಇಲ್ಲವೇ ಅಂಗಡಿಯವನು ಹೇಳಿದಷ್ಟು ಹೊತ್ತು ತರಬೇಕು.

ಸರಳ ಬರಹವೆಂದರೆ ಸಣ್ಣ ವಾಕ್ಯ, ಆಡುಮಾತು ಎಂದು ತಿಳಿದವರು ಬಹಳ. ಸಣ್ಣ ವಾಕ್ಯದಲ್ಲೂ ಓದುಗನನ್ನು ನಡುದಾರಿಯಲ್ಲಿ ಬಿಟ್ಟುಹೋಗಬಹುದು. ಬರೆಯುವವನು ಓದುಗನ ಪಾಲಿನ ಕೆಲಸವನ್ನು ಎಷ್ಟರಮಟ್ಟಿಗೆ ತಾನೇ ಮುಗಿಸಿಕೊಟ್ಟಿದ್ದಾನೆ ಎನ್ನುವುದೇ ನನ್ನ ಮಟ್ಟಿಗೆ ಸರಳತೆಯ ಒರೆಗಲ್ಲು. ಮೇಲಿನ ಸಾಲು ಅಲ್ಲಿಯೇ ಸೋಲುತ್ತದೆ. ಒದಗಿಸಬೇಕಾದವರು ಯಾರು, ನಾಟಿಗೆ ಮುಂಚೆಯೋ ತೆಂಡೆ ಒಡೆಯುವಾಗಲೋ, ಗದ್ದೆಯಲ್ಲಿ ನೀರು ನಿಲ್ಲಿಸಿಯೋ ಬಸಿದೋ, ಒಂದಕ್ಕೂ ಅದರಲ್ಲಿ ಉತ್ತರವಿಲ್ಲ. ಮಂಡ್ಯದ ವಿ.ಸಿ. ಫಾರಂನಂಥ ಕಡೆ ಭತ್ತ, ಕಬ್ಬಿನ ಮೇಲೆ ಎಷ್ಟು ಸಂಶೋಧನೆ ನಡೆದರೂ ಅದು ಹೋಬಳಿಯ ರೈತ ಸಂಪರ್ಕ ಕೇಂದ್ರದವರೆಗೆ ಇಂಥ ವಾಕ್ಯಗಳ ಮೇಲೇ ಬಂದರೆ ಅಲ್ಲಿಂದ ಗದ್ದೆಗೆ ಇಳಿಯುವುದಿಲ್ಲ.

ಓದುಗನ ಕೆಲಸ ಹಗುರಾಗಿಸುವ ಈ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲೇ ‘ವಿಜ್ಞಾನ’ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಹೊತ್ತರು. 1930ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರುಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಟ್ಟರು. ಅವು ಕಡಿಮೆ ಬೆಲೆಯ ಸಣ್ಣ ಪುಸ್ತಕಗಳಾಗಿ ಅಚ್ಚಾದವು. ಎದುರಿಗೆ ಜನ ಕೂತಿದ್ದಾಗ ಅರ್ಥವಾಗದ ಜಾಗ ಅವರ ಮುಖದಲ್ಲೇ ಗೊತ್ತಾಗುತ್ತದೆ. ಕೊಠಡಿಯಲ್ಲಿ ಕೂತು ಕೈಪಿಡಿ ಬರೆಯುವವನಿಗೆ ಆ ಅನುಕೂಲವಿಲ್ಲ.

ರೈತರಿಗಾಗಿ ಬರೆಯುವುದರಲ್ಲಿ ಈ ವಿದ್ಯೆಯನ್ನು ಎಲ್ಲರಿಗಿಂತ ಮುಂದೆ ಒಯ್ದದ್ದು 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’. ರೈತರ ಅನುಭವವನ್ನು ರೈತರೇ ಬರೆಯಲಿ ಎಂದು ಅದು ಹಟ ಹಿಡಿಯಿತು. ಅದೇ ಪತ್ರಿಕೆಯ, ಕಾಸರಗೋಡು ಜಿಲ್ಲೆಯ ಪೆರ್ಲ ಕಡೆಯ ಶ್ರೀಪಡ್ರೆಯವರು ‘ಕೃಷಿಕರ ಕೈಗೆ ಲೇಖನಿ’ ಎಂಬ ಹೆಸರಿನಲ್ಲೇ ಬರವಣಿಗೆ ಕಲಿಸಿದರು. ಬರೆದ ರೈತನಿಗೆ ಅಳತೆ, ಖರ್ಚು, ಆಳಿನ ಲೆಕ್ಕ ಬಿಡಲು ಮನಸ್ಸು ಬರುವುದಿಲ್ಲ, ಏಕೆಂದರೆ ನೆರೆಯವನು ಮೊದಲು ಕೇಳುವುದೇ ಅದನ್ನು. ಬರಹದ ಕೊನೆಗೆ ಸಂಪರ್ಕದ ವಿಳಾಸ ಕೊಡುವ ರೂಢಿಯೂ ದೊಡ್ಡ ಕಟ್ಟುಪಾಡು. ಹೆಚ್ಚಿಸಿ ಹೇಳಿದರೆ ಓದಿದವನು ನಾಳೆಯೇ ತೋಟಕ್ಕೆ ಬಂದು ನೋಡುತ್ತಾನೆ.

ಆದರೆ ಈ ಪತ್ರಿಕೆಯ ಬೇರು ಕರಾವಳಿ, ಮಲೆನಾಡಿನ ತೋಟಗಳಲ್ಲಿದೆ. ಭತ್ತ, ಕಬ್ಬು, ರಾಗಿ, ರೇಷ್ಮೆಯ ಮಂಡ್ಯ ಸೀಮೆಗೆ ಅದೇ ತೂಕದ ಬರಹ ಹುಟ್ಟಿಲ್ಲ. ಇಲ್ಲಿಗೆ ಹೆಚ್ಚಾಗಿ ಬರುವುದು ಸಾಧಕ ರೈತನ ಕಥೆ. ಕಿರುಗಾವಲಿನ ಸೈಯದ್ ಘನಿ ಖಾನ್ ಬಗ್ಗೆ ಬಂದ ಬರಹಗಳೂ ಹೆಚ್ಚಾಗಿ ಅದೇ ಜಾಡಿನವು. ನೂರಾರು ದೇಸಿ ಭತ್ತದ ತಳಿಗಳನ್ನು ಅವರು ಗದ್ದೆಯಲ್ಲಿ ಬೆಳೆದು ಉಳಿಸಿದ್ದಾರೆ. ನೂರಕ್ಕೂ ಹೆಚ್ಚು ಬಗೆಯ ಮಾವಿರುವ ‘ಬಡಾ ಬಾಗ್’ ಅವರ ಮನೆತನದ ತೋಪು. ಎಲ್ಲ ಮೆಚ್ಚುಗೆಯೂ ಅವರಿಗೆ ಸಲ್ಲಬೇಕಾದದ್ದೇ. ಆದರೆ ತಳಿಗಳ ಸಂಖ್ಯೆ ಓದಿ ಬೆರಗಾದ ರೈತನಿಗೆ ಮುಂದಿನ ಹಂಗಾಮಿಗೆ ಏನು ಬಿತ್ತಬೇಕೆಂದು ತಿಳಿಯುವುದಿಲ್ಲ. ರಾಜಮುಡಿಯಂಥ ದೇಸಿ ತಳಿ ಎಷ್ಟು ದಿನದ ಬೆಳೆ? ಪೈರು ಗಾಳಿಮಳೆಗೆ ಮಲಗುತ್ತದೆಯೆ? ದನಕ್ಕೆ ಹುಲ್ಲು ಎಷ್ಟು ಸಿಗುತ್ತದೆ? ನಾಲೆ ನೀರು ಹದಿನೈದು ದಿನ ತಡವಾದರೆ ತಾಳುತ್ತದೆಯೆ? ಅಕ್ಕಿ ಯಾರು ಕೊಳ್ಳುತ್ತಾರೆ? ಒಂದು ತಳಿಗೆ ಒಂದು ಪುಟದಂತೆ ಈ ಐದಕ್ಕೆ ಉತ್ತರ ಬರೆದರೆ ಆ ಗದ್ದೆಯ ಅರಿವು ಹೋಬಳಿಯ ಮನೆಮನೆಗೆ ಹರಿಯುತ್ತದೆ.

ಸರಳಗೊಳಿಸುವ ಹೆಸರಿನಲ್ಲಿ ಇನ್ನೊಂದು ಅಪಾಯವೂ ಇದೆ. ತೊಡಕಿನ ಭಾಗವನ್ನೇ ಬಿಟ್ಟುಬಿಡುವುದು. ‘ದೇಸಿ ತಳಿಗೆ ಗೊಬ್ಬರವೇ ಬೇಡ’, ‘ಈ ಔಷಧಿ ಹೊಡೆದರೆ ಬೆಂಕಿ ರೋಗ ಮಾಯ’ ಎಂಬ ಮಾತು ಓದಲು ಹಗುರ, ನಂಬಿದವನಿಗೆ ಭಾರ. ಎತ್ತರ ಬೆಳೆಯುವ ತಳಿಗೆ ಯೂರಿಯಾ ಜಾಸ್ತಿಯಾದರೆ ಪೈರು ಮಲಗುತ್ತದೆ, ಬೆಂಕಿ ರೋಗವೂ ಹೆಚ್ಚುತ್ತದೆ ಎಂಬ ಷರತ್ತನ್ನು ಸೇರಿಸಿದರೆ ಬರಹ ಒಂದು ಸಾಲು ಉದ್ದವಾಗುತ್ತದೆ, ಅಷ್ಟೆ. ಓದುಗನನ್ನು ಗೌರವಿಸುವ ಲೇಖಕ ಆ ಸಾಲನ್ನು ಬಿಡುವುದಿಲ್ಲ. ಗದ್ದೆ ಓದಬಲ್ಲವನು ಷರತ್ತನ್ನೂ ಓದಬಲ್ಲ.

ಹಾಗಾಗಿ ಇಲಾಖೆ, ವಿಶ್ವವಿದ್ಯಾಲಯ, ಪತ್ರಿಕೆ ಮೂವರಿಂದಲೂ ನಾನು ಕೇಳುವುದು ಒಂದೇ. ಅಚ್ಚಿಗೆ ಕಳಿಸುವ ಮುನ್ನ ಹಸ್ತಪ್ರತಿಯನ್ನು ಒಂದು ಹೋಬಳಿಯ ನಾಲ್ಕಾರು ರೈತರ ಮುಂದೆ, ಅವರಲ್ಲಿ ನಾಟಿ ಮಾಡುವ ಹೆಂಗಸರೂ ಇರಲಿ, ಗಟ್ಟಿಯಾಗಿ ಓದಿ. ಓದಿ ಮುಗಿದ ಮೇಲೆ ‘ಅರ್ಥವಾಯಿತೆ’ ಎಂದು ಕೇಳಬೇಡಿ, ಹೌದೆಂದೇ ಹೇಳುತ್ತಾರೆ. ‘ನಿಮ್ಮ ಗದ್ದೆಗೆ ಎಷ್ಟು ಮೂಟೆ ತರುತ್ತೀರಿ, ಯಾವತ್ತು ಹಾಕುತ್ತೀರಿ’ ಎಂದು ಕೇಳಿ. ಉತ್ತರ ತಡವರಿಸಿದರೆ ತಿದ್ದಬೇಕಾದದ್ದು ಹಸ್ತಪ್ರತಿಯನ್ನು.