ಸಿದ್ಧಗೊಂಬೆಗಳು ಮತ್ತು ಭಾವನಿಕ್ಷೇಪ

ಹೊಸದಾಗಿ ಕಲಿಯುವವರಿಗೆಂದೇ ರೂಪಿಸಿದ ಸುಲಭ ಸಾಫ್ಟ್‌ವೇರ್‌ಗಳಿಂದ ವೃತ್ತಿಪರರ ಮಟ್ಟದ ಕಾರ್ಟೂನ್ ಚಿತ್ರಗಳನ್ನು ನಿರ್ಮಿಸುವುದು ಸಾಧ್ಯವೇ? ಧರ್ಮಚಿಂತನೆಯ ಪತ್ರಿಕೆಯಲ್ಲಿ ಇಂಥ ಪ್ರಶ್ನೆಗೆ ಏನು ಸ್ಥಾನವೆಂದು ವಾಚಕರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಅಜ್ಜಿಯ ಬಾಯಿಂದ ಕೇಳುತ್ತಿದ್ದ ತೀರ್ಥಂಕರರ ಚರಿತ್ರೆಯನ್ನು ನಮ್ಮ ಮಕ್ಕಳು ಇಂದು ಮೊಬೈಲಿನ ಪರದೆಯ ಮೇಲೆ ನೋಡುತ್ತಿದ್ದಾರೆ. ಹೀಗಿರುವಾಗ ಆ ಚಿತ್ರಗಳ ಗುಣದೋಷಗಳ ವಿಚಾರವನ್ನು ಕೇವಲ ತಂತ್ರಜ್ಞರಿಗೆ ಬಿಟ್ಟು ನಾವು ಸುಮ್ಮನಿರುವಂತಿಲ್ಲ.

ಕಳೆದ ಚಾತುರ್ಮಾಸದ ಸಮಯದಲ್ಲಿ ತ್ರಾಸಿಯ ನೆಂಟರ ಮನೆಯಲ್ಲಿ ಇಂಥದೊಂದು ಚಿತ್ರವನ್ನು ನೋಡುವ ಅವಕಾಶ ನನಗೆ ದೊರೆಯಿತು. ಕಾಲೇಜಿನಲ್ಲಿ ಓದುತ್ತಿರುವ ನನ್ನ ಸೋದರ ಸೊಸೆ ಪಾಠಶಾಲೆಯ ಮಕ್ಕಳಿಗಾಗಿ ನೇಮಿನಾಥಸ್ವಾಮಿಯ ವೈರಾಗ್ಯದ ಪ್ರಸಂಗವನ್ನು ಐದು ನಿಮಿಷಗಳ ಕಾರ್ಟೂನ್ ಆಗಿ ನಿರ್ಮಿಸಿದ್ದಳು. ಕರ್ಣಪಾರ್ಯನಂಥ ಕವಿಗಳು ಪುರಾಣವಾಗಿ ಹಾಡಿದ ಕಥೆಯದು. ಮದುವೆಯ ಮೆರವಣಿಗೆಯಲ್ಲಿ ಹೊರಟ ನೇಮಿಕುಮಾರನು ವಧೆಗಾಗಿ ಕೂಡಿಹಾಕಿದ ಪ್ರಾಣಿಗಳನ್ನು ಕಂಡು, ಅವುಗಳ ಆರ್ತನಾದವನ್ನು ಕೇಳಿ, ರಾಜೀಮತಿಯನ್ನೂ ರಾಜ್ಯಸುಖವನ್ನೂ ತೊರೆಯುತ್ತಾನೆ. ಸೊಸೆ ಬಳಸಿದ ಸಾಫ್ಟ್‌ವೇರ್‌ನಲ್ಲಿ ರಾಜ, ಕುದುರೆ, ಜಿಂಕೆ ಎಲ್ಲವೂ ಸಿದ್ಧಗೊಂಬೆಗಳಾಗಿ ದೊರೆಯುತ್ತವೆ. ಅವುಗಳ ನಡಿಗೆ, ನಗು, ಕೈಬೀಸುವಿಕೆಗಳೂ ಸಿದ್ಧವಾಗಿಯೇ ಇರುತ್ತವೆ. ಹೀಗಾಗಿ ದೊಡ್ಡಿಯೊಳಗಿನ ಹತ್ತು ಜಿಂಕೆಗಳು ಅಗಲವಾದ ಕಣ್ಣುಗಳಿಂದ, ನಗುಮೊಗದಿಂದ, ಎರಡು ಸೆಕೆಂಡಿಗೊಮ್ಮೆ ಒಟ್ಟಿಗೆ ತಲೆಯಾಡಿಸುತ್ತಿದ್ದವು. ನೆರೆದಿದ್ದ ಮಕ್ಕಳು ಅದನ್ನು ಕಂಡು ಚಪ್ಪಾಳೆ ತಟ್ಟಿ ನಕ್ಕರು.

ಹುಡುಗಿಯ ಮುಖ ಬಾಡಿತು. “ಇದು ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಮಾವ. ದುಬಾರಿಯದಾಗಿದ್ದರೆ ಹೀಗಾಗುತ್ತಿರಲಿಲ್ಲ” ಎಂದಳು.

ಈ ಸಮಾಧಾನ ನಿಜವೇ ಎಂಬುದನ್ನು ಪರೀಕ್ಷಿಸಬೇಕು. ಚಲನಚಿತ್ರದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಒಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ಒಂದು ನಿಮಿಷಕ್ಕೆ 720 ಚಿತ್ರಗಳು ಬೇಕು. ಹಿಂದೆ ಇವೆಲ್ಲವನ್ನೂ ಕೈಯಿಂದ ಬರೆಯಬೇಕಾಗಿತ್ತು. ಈಗ ಮೊದಲ ಭಂಗಿಯನ್ನೂ ಕೊನೆಯ ಭಂಗಿಯನ್ನೂ ಕೊಟ್ಟರೆ ನಡುವಿನವುಗಳನ್ನು ಗಣಕಯಂತ್ರವೇ ತುಂಬಿಕೊಡುತ್ತದೆ. ಆದರೆ ಜಿಂಕೆ ತಲೆಯೆತ್ತುವ ಮೊದಲು ಎಷ್ಟು ಹೊತ್ತು ಸ್ತಬ್ಧವಾಗಿರಬೇಕು, ಎತ್ತುವಾಗ ಎಲ್ಲಿ ತಡೆಯಬೇಕು ಎಂಬುದನ್ನು ಅದು ತಾನಾಗಿ ಅರಿಯಲಾರದು. ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಗ್ರಂಥದಲ್ಲಿ ಈ ಕಲೆಯ ಹನ್ನೆರಡು ತತ್ತ್ವಗಳನ್ನು ನಿರೂಪಿಸಿದ್ದಾರೆ. ಚಲನೆಗೆ ಮುಂಚಿನ ಸಿದ್ಧತೆ, ಆರಂಭ ಅಂತ್ಯಗಳ ನಿಧಾನ, ಕಾಲದ ಲೆಕ್ಕಾಚಾರ ಮೊದಲಾದ ಆ ತತ್ತ್ವಗಳು ಯಾವುದೇ ಯಂತ್ರವನ್ನು ಆಶ್ರಯಿಸಿದವಲ್ಲ. ಜೀವಿಗಳನ್ನು ಗಮನವಿಟ್ಟು ನೋಡಿದವರಿಗೆ ದಕ್ಕಿದವು.

ಸಾಧನದ ಬೆಲೆಯೇ ಗುಣವನ್ನು ನಿರ್ಣಯಿಸುವುದಿಲ್ಲ ಎಂಬುದಕ್ಕೆ ಇತ್ತೀಚಿನ ದೃಷ್ಟಾಂತವೊಂದಿದೆ. ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶಿಸಿದ ‘ಫ್ಲೋ’ ಚಿತ್ರವು 2025ರಲ್ಲಿ ಆಸ್ಕರ್ ಪ್ರಶಸ್ತಿಯನ್ನು ಪಡೆಯಿತು. ಜಲಪ್ರಳಯದಲ್ಲಿ ಸಿಲುಕಿದ ಬೆಕ್ಕು ಮತ್ತು ಅದರ ಜೊತೆಗಾರ ಪ್ರಾಣಿಗಳ ಆ ಕಥೆಯಲ್ಲಿ ಒಂದು ಮಾತೂ ಇಲ್ಲ. ಅದನ್ನು ನಿರ್ಮಿಸಿದ್ದು ಯಾರಿಗಾದರೂ ಉಚಿತವಾಗಿ ದೊರೆಯುವ ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಿಂದ. ಆದರೆ ಇಲ್ಲಿ ನಮ್ಮನ್ನು ನಾವೇ ವಂಚಿಸಿಕೊಳ್ಳಬಾರದು. ಬ್ಲೆಂಡರ್ ಉಚಿತವೇ ಹೊರತು ಸುಲಭವಲ್ಲ. ಆ ಚಿತ್ರದ ಹಿಂದೆ ಅನೇಕ ಕಲಾವಿದರ, ಹಲವು ವರ್ಷಗಳ ದುಡಿಮೆಯಿದೆ. ಸಾಧನಕ್ಕೆ ಹಣ ಕೊಡಬೇಕಾಗಿಲ್ಲವೆಂದ ಮಾತ್ರಕ್ಕೆ ಶ್ರಮವನ್ನು ಕೊಡಬೇಕಾಗಿಲ್ಲವೆಂದು ಅರ್ಥವಲ್ಲ.

ಈ ವಿಚಾರವನ್ನು ಸ್ಪಷ್ಟಪಡಿಸಿಕೊಳ್ಳಲು ನಮ್ಮ ಶಾಸ್ತ್ರವೇ ಒಂದು ಅಳತೆಗೋಲನ್ನು ಕೊಟ್ಟಿದೆ. ತತ್ತ್ವಾರ್ಥಸೂತ್ರವು ನಾಮ, ಸ್ಥಾಪನೆ, ದ್ರವ್ಯ, ಭಾವ ಎಂದು ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಸ್ಥಾಪನೆಯಲ್ಲಿ ಮತ್ತೆ ಎರಡು ಬಗೆ: ಮೂಲದ ಆಕಾರವನ್ನೇ ಹೋಲುವ ಪ್ರತಿಮೆ ತದಾಕಾರ, ಚದುರಂಗದ ಕಾಯಿಯನ್ನು ಆನೆಯೆಂದು ತಿಳಿಯುವುದು ಅತದಾಕಾರ. ಹೋಲಿಕೆಯಿಲ್ಲದ ಮರದ ತುಂಡೂ ಆನೆಯಾಗಿ ನಿಲ್ಲಬಲ್ಲದೆಂಬುದನ್ನು ನಮ್ಮ ಆಚಾರ್ಯರು ಒಪ್ಪಿದ್ದರು. ಈ ವಿಭಾಗವನ್ನು ಕಲಾವಿಮರ್ಶೆಗೆ ಅನ್ವಯಿಸುವ ಸ್ವಾತಂತ್ರ್ಯವನ್ನು ವಹಿಸುವುದಾದರೆ, ಸಿದ್ಧಗೊಂಬೆಯ ಜಿಂಕೆಗೆ ನಾಮವಿದೆ, ಆಕಾರವೂ ಇದೆ. ಇಲ್ಲದಿರುವುದು ಭಾವ, ಅಂದರೆ ಆ ಕ್ಷಣದಲ್ಲಿ ಆ ಜೀವಿಯ ನಿಜವಾದ ಅವಸ್ಥೆ. ಒರಟು ಗೆರೆಯ ಜಿಂಕೆಯಲ್ಲಿ ಭಯವು ಕಾಣುವುದಾದರೆ ಅದು, ನಯವಾಗಿ ಬಣ್ಣ ತುಂಬಿದ, ನಗುವ ಜಿಂಕೆಗಿಂತ ಸತ್ಯಕ್ಕೆ ಹತ್ತಿರ.

ತ್ರಾಸಿಯವರು ಇದಕ್ಕೆ ದೂರದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ದೇವಣ್ಣ ಕಾಮತರ ಮನೆತನವು ತಲೆಮಾರುಗಳಿಂದ ಯಕ್ಷಗಾನ ಬೊಂಬೆಯಾಟವನ್ನು ಉಳಿಸಿಕೊಂಡು ಬಂದಿದೆ. ಬೊಂಬೆಯ ಮುಖ ಕೆತ್ತಿದ ಮರ. ಅದರ ಭಾವ ಬದಲಾಗುವಂತಿಲ್ಲ. ಉಪಕರಣವೆಂದರೆ ಒಂದಿಷ್ಟು ದಾರಗಳು. ಆದರೂ ಆ ಬೊಂಬೆ ತಾಳಕ್ಕೆ ಸರಿಯಾಗಿ ಹೆಜ್ಜೆಯಿಟ್ಟು ತಲೆ ತಗ್ಗಿಸಿದಾಗ ಪ್ರೇಕ್ಷಕರಿಗೆ ಅದರ ಶೋಕ ಕಾಣುತ್ತದೆ. ಅಲ್ಲಿ ದಾರಕ್ಕೆ ಭಾವವನ್ನು ಕೊಡುವುದು ವರ್ಷಗಟ್ಟಲೆ ಪಳಗಿದ ಬೆರಳು. ಆ ಬೆರಳಿನ ಕೆಲಸವನ್ನು ಸಿದ್ಧಚಲನೆಗಳಿಗೆ ಒಪ್ಪಿಸಿದ್ದೇ ನಮ್ಮ ಹುಡುಗಿ ಮಾಡಿದ ತಪ್ಪು.

ಇದನ್ನು ಕಲೆಯ ದೋಷವೆಂದಷ್ಟೇ ಹೇಳಿ ಬಿಡುವುದು ನನಗೆ ಸಾಧ್ಯವಾಗದು. ಹಿಂಸೆಯ ಮೂಲದಲ್ಲಿ ಪ್ರಮಾದವಿದೆ ಎಂಬುದು ಸೂತ್ರಕಾರರ ನಿರ್ಣಯ. ಆ ಚಿತ್ರದಿಂದ ಯಾವ ಪ್ರಾಣಿಗೂ ನೋವಾಗಲಿಲ್ಲ, ನಿಜ. ಆದರೆ ವಧೆಗೆ ನಿಂತ ಜಿಂಕೆಯನ್ನು ನೋಡಿ ನಗುವುದನ್ನು ಅದು ಮಕ್ಕಳಿಗೆ ಅಭ್ಯಾಸ ಮಾಡಿಸಿತು. ಅದೂ ಕರುಣೆಯ ಪಾಠದ ಹೆಸರಿನಲ್ಲಿ.

ಅವಳಿಗೆ ನಾನು ಹೇಳಿದ್ದಿಷ್ಟೇ: ಸಾಫ್ಟ್‌ವೇರ್ ಅದೇ ಇರಲಿ, ಸಿದ್ಧವಾದ ಜಿಂಕೆಗಳನ್ನು ಮಾತ್ರ ತೆಗೆದುಹಾಕು. ಅವಳು ನೆರೆಮನೆಯ ಹಟ್ಟಿಯಲ್ಲಿ ಕಟ್ಟಿಹಾಕಿದ್ದ ಕರುವನ್ನು ಕೆಲವು ದಿನ ನೋಡಿದಳು. ಬಳಿಕ ಹತ್ತರ ಬದಲು ಮೂರೇ ಜಿಂಕೆಗಳನ್ನು ಬರಿಯ ಗೆರೆಗಳಲ್ಲಿ ಬರೆದಳು. ರಥದ ಸದ್ದಿಗೆ ಒಂದು ಕಿವಿ ತಿರುಗುತ್ತದೆ, ಪಕ್ಕೆಯ ಚರ್ಮ ಅದುರುತ್ತದೆ, ಒಂದು ಜಿಂಕೆ ಇನ್ನೊಂದರ ಹಿಂದೆ ಸರಿಯುತ್ತದೆ. ಉಳಿದಂತೆ ಎಲ್ಲವೂ ನಿಶ್ಚಲ. ಹನ್ನೊಂದು ಸೆಕೆಂಡುಗಳ ಆ ದೃಶ್ಯಕ್ಕೆ ಹದಿನೈದು ದಿನಗಳು ಬೇಕಾದವು. ಎರಡನೆಯ ಸಲ ತೋರಿಸಿದಾಗ ಮಕ್ಕಳು ನಗಲಿಲ್ಲ.

ಹಾಗೆಂದು ಇಡೀ ಚಿತ್ರವು ವೃತ್ತಿಪರ ಮಟ್ಟಕ್ಕೆ ಏರಿತೆಂದು ಹೇಳಲಾರೆ. ರಥದ ಗಾಲಿಗಳು ಈಗಲೂ ನೆಲದ ಮೇಲೆ ಜಾರುತ್ತವೆ. ನೇಮಿಕುಮಾರನ ತುಟಿಗಳು ಮಾತಿಗೆ ಹೊಂದುವುದಿಲ್ಲ. ಹಿನ್ನೆಲೆಯ ಅರಮನೆ ಯಾವ ದೇಶಕ್ಕೂ ಸೇರದು. ಇವುಗಳಲ್ಲಿ ಕೆಲವನ್ನು ತಿದ್ದಲು ಸಮರ್ಥವಾದ ಸಾಫ್ಟ್‌ವೇರ್ ನೆರವಾಗುತ್ತದೆ. ದೀರ್ಘ ಚಿತ್ರಕ್ಕಂತೂ ಅದೂ ಬೇಕು, ಹಲವರ ಕೈಗಳೂ ಬೇಕು. ಆದರೆ ಆ ಹನ್ನೊಂದು ಸೆಕೆಂಡುಗಳನ್ನು ಯಾವ ವೃತ್ತಿಪರರ ಮುಂದೆಯೂ ಸಂಕೋಚವಿಲ್ಲದೆ ಇಡಬಹುದು. ಅವು ಸಿದ್ಧವಾದದ್ದು ಅದೇ ಉಚಿತ ಸಾಫ್ಟ್‌ವೇರ್‌ನಲ್ಲಿ.

ಆದುದರಿಂದ ಪಾಠಶಾಲೆಗಳನ್ನು ನಡೆಸುವ ಹಿರಿಯರಲ್ಲಿ ನನ್ನ ಬಿನ್ನಹವೊಂದಿದೆ. ವಾರಕ್ಕೊಂದು ಚಿತ್ರ ಬೇಕೆಂದು ಯುವಜನರನ್ನು ಅವಸರಿಸಬೇಡಿ. ಅವಸರದಲ್ಲಿರುವವನಿಗೆ ಸಿದ್ಧಗೊಂಬೆಯ ಹೊರತು ಬೇರೆ ದಾರಿಯಿಲ್ಲ. ವರ್ಷಕ್ಕೆ ಒಂದೇ ಚಿತ್ರವಾಗಲಿ, ಅದೂ ಎರಡು ನಿಮಿಷದ್ದಾಗಲಿ. ಅದನ್ನು ಮಾಡುವವರಿಗೆ ಕರುವನ್ನು ನೋಡುತ್ತ ಕುಳಿತಿರುವಷ್ಟು ಬಿಡುವನ್ನು ಕೊಡಿ.