ಜೀವಕ್ಕೆ ಬೆಲೆ ಕಟ್ಟಿದವರ ಪುಸ್ತಕ

ಮಡಿದವರ ಜೀವಕ್ಕೆ ಬೆಲೆ ಕಟ್ಟುವ ಕೆಲಸವನ್ನು ಸರ್ಕಾರ ನಿಮಗೊಪ್ಪಿಸಿದರೆ ಏನು ಮಾಡುವಿರಿ? ಅಮೆರಿಕದ ವಕೀಲ ಕೆನೆತ್ ಫೈನ್‌ಬರ್ಗ್ ಅವರ ಹೆಗಲಿಗೆ ಆ ಭಾರ ಬಿತ್ತು. 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ಸಂತ್ರಸ್ತರಿಗೆ ಸರ್ಕಾರಿ ನಿಧಿಯಿಂದ ಪರಿಹಾರ ಹಂಚಿದ ಅನುಭವವನ್ನು ಅವರು 2005ರಲ್ಲಿ ‘ವಾಟ್ ಈಸ್ ಲೈಫ್ ವರ್ತ್?’ ಎಂಬ ಪುಸ್ತಕವಾಗಿಸಿದರು.

ಮೃತಪಟ್ಟ ಪ್ರತಿಯೊಬ್ಬರ ನೋವಿಗೆ 2,50,000 ಡಾಲರ್, ಸಂಗಾತಿಗೂ ಪ್ರತಿ ಅವಲಂಬಿತರಿಗೂ ತಲಾ 1,00,000 ಡಾಲರ್. ಇಷ್ಟು ಎಲ್ಲರಿಗೂ ಸಮಾನ. ಅದರ ಮೇಲೆ, ಬದುಕಿದ್ದರೆ ಆ ವ್ಯಕ್ತಿ ಎಷ್ಟು ಗಳಿಸುತ್ತಿದ್ದರೆಂಬ ಲೆಕ್ಕ. ಅಲ್ಲಿಗೆ ಷೇರು ದಲ್ಲಾಳಿಯ ಮನೆಗೂ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವನ ಮನೆಗೂ ಅಜಗಜಾಂತರವಾಯಿತು. ಕೆಲವರಿಗೆ ದೊರೆತದ್ದು 70 ಲಕ್ಷ ಡಾಲರಿಗೂ ಅಧಿಕ. ಪ್ರಾಣ ತೆತ್ತ ಅಗ್ನಿಶಾಮಕನ ಮನೆಯವರು ಎದುರು ನಿಂತು ಕೇಳಿದ ಪ್ರಶ್ನೆಗಳನ್ನು ಲೇಖಕರು ಮುಚ್ಚಿಡುವುದಿಲ್ಲ. ಮುಂದೆ ಇಂತಹ ನಿಧಿ ಬಂದರೆ ಎಲ್ಲರಿಗೂ ಒಂದೇ ಮೊತ್ತ ಸಲ್ಲಬೇಕೆಂಬ ನಿಲುವಿಗೆ ಕೊನೆಗೆ ಬರುತ್ತಾರೆ. ಹಂಚಿದ ಕೈಯೇ ಹೀಗೆ ಬರೆಯುವುದು ಅಪರೂಪ. ಪುಸ್ತಕದ ಹಿರಿಮೆಯೂ ಅದೇ.

ಆದರೆ ಪುಸ್ತಕದ ಕಣ್ಣು ಹೆಚ್ಚಾಗಿ ನೆಟ್ಟಿರುವುದು ಮಡಿದವರ ಕುಟುಂಬಗಳತ್ತ. ಗಾಯಾಳುಗಳಾದರೋ ದಾಳಿಯ ಬೆನ್ನಿಗೇ ಚಿಕಿತ್ಸೆ ಪಡೆದಿರಬೇಕಿತ್ತು. 2003ರ ಡಿಸೆಂಬರ್ 22ಕ್ಕೆ ಅರ್ಜಿಯ ಬಾಗಿಲು ಮುಚ್ಚಿತು. ಅವಶೇಷಗಳ ರಾಶಿಯಲ್ಲಿ ತಿಂಗಳುಗಟ್ಟಲೆ ದುಡಿದವರು ನುಂಗಿದ ಧೂಳು ಗಡುವು ನೋಡಿ ಕಾಯಿಲೆ ತರುವುದೇ? ದಾಳಿಯಾದ ವಾರಕ್ಕೇ ಅಲ್ಲಿನ ಗಾಳಿ ಸುರಕ್ಷಿತವೆಂದು ಪರಿಸರ ಸಂರಕ್ಷಣಾ ಸಂಸ್ಥೆ ಸಾರಿತ್ತು. 2005ರ ಪುಸ್ತಕ ಮುಂದಿನದನ್ನೆಲ್ಲ ಹೇಳಲಾರದು, ಒಪ್ಪೋಣ. ಆದರೆ ಕೆಮ್ಮು ಆಗಲೇ ಶುರುವಾಗಿತ್ತು.

2011ರ ಜನವರಿಯಲ್ಲಿ ಸಹಿಯಾದ ಜಡ್ರೋಗ ಕಾಯ್ದೆ ಇವರಿಗೆ ಚಿಕಿತ್ಸೆಯ ವ್ಯವಸ್ಥೆ ಮಾಡಿ, ಪರಿಹಾರ ನಿಧಿಯನ್ನು ಮತ್ತೆ ತೆರೆಯಿತು. ಆದರೆ ಅದಕ್ಕೂ ಗಡುವು! 2015ರಲ್ಲಿ ಚಿಕಿತ್ಸೆಯ ಅವಧಿ 2090ರವರೆಗೆ ಬೆಳೆಯಿತು. ಹಣ ಸಾಲದೆಂದು 2019ರ ಫೆಬ್ರವರಿಯಲ್ಲಿ ಪರಿಹಾರದ ಮೊತ್ತಕ್ಕೆ ಅರ್ಧಕ್ಕರ್ಧ, ಹೊಸ ಅರ್ಜಿಗಳಿಗೆ ಶೇ. 70ರಷ್ಟು ಕಡಿತ ಘೋಷಿಸಲಾಯಿತು. ಕ್ಯಾನ್ಸರಿನಿಂದ ಬಳಲುತ್ತಿದ್ದ ನಿವೃತ್ತ ಪತ್ತೇದಾರ ಲೂಯಿಸ್ ಆಲ್ವರೆಜ್ ಜೂನ್ 11ರಂದು ಸಂಸತ್ತಿನ ಸಮಿತಿಯೆದುರು ಬಂದು ಕುಳಿತು ತಮ್ಮ ಸಂಗಡಿಗರ ಪರವಾಗಿ ಮಾತನಾಡಿದರು; ಅದೇ ತಿಂಗಳ 29ರಂದು ತೀರಿಕೊಂಡರು. ಜುಲೈ 29ರಂದು ನಿಧಿಯ ಅವಧಿಯನ್ನೂ 2090ರವರೆಗೆ ವಿಸ್ತರಿಸಿದ ಕಾಯ್ದೆಗೆ ಅವರ ಹೆಸರೂ ಸೇರಿತು.

ದಾಳಿಯ ದಿನ ಮಡಿದ ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯವರು 343 ಮಂದಿ. 2023ರ ಸೆಪ್ಟೆಂಬರಿನ ಹೊತ್ತಿಗೆ, ಆ ಧೂಳಿನ ಕಾಯಿಲೆಗಳಿಂದ ಅದೇ ಇಲಾಖೆಯಲ್ಲಿ ತೀರಿಕೊಂಡವರ ಸಂಖ್ಯೆಯೂ 343 ಆಗಿತ್ತು.