ಮತ್ಸ್ಯವಿನೋದವೂ ಕೊಳದ ಉಪ್ಪೂ: ಒಂದು ವಿಮರ್ಶೆ

ಕೊಳದ ಮೀನುಗಳ ಆರೋಗ್ಯಕ್ಕಾಗಿ ಉಪ್ಪನ್ನು ಬಳಸುವ ಕ್ರಮಕ್ಕೆ ಪ್ರಾಚೀನ ಆಧಾರವನ್ನು ಅರಸಹೊರಟವರ ದೃಷ್ಟಿ ಮೊದಲು ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದತ್ತ ಹರಿಯುವುದು ಸಹಜ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಉಳ್ಳ ಈ 12ನೆಯ ಶತಮಾನದ ಗ್ರಂಥದ ಒಂದು ಭಾಗ 1926ರಲ್ಲಿ ಮೈಸೂರಿನಲ್ಲೇ ಅಚ್ಚಾಯಿತು. ಇದರ ಮತ್ಸ್ಯವಿನೋದ ಪ್ರಕರಣವು ಮೀನಿನ ಜಾತಿಗಳನ್ನೂ ಆಹಾರವನ್ನೂ ಗಾಳ ಹಾಕುವ ಬಗೆಯನ್ನೂ ವಿವರಿಸುತ್ತದೆ. ಆದರೆ ಅಲ್ಲಿಯ ಉದ್ದೇಶ ಅರಸನ ವಿನೋದವೇ ಹೊರತು ಮೀನಿನ ಚಿಕಿತ್ಸೆಯಲ್ಲ. ಆಹಾರದ ಮಾತನ್ನು ಔಷಧದ ಮಾತೆಂದು ಓದುವುದು ಪ್ರಮಾಣವನ್ನು ಮೀರಿದ ಓದು.

ಉಪ್ಪಿನ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಸಿಹಿನೀರಿನ ಮೀನಿನ ರಕ್ತದಲ್ಲಿ ಲವಣಾಂಶವು ಸುತ್ತಣ ನೀರಿಗಿಂತ ಹೆಚ್ಚು. ಆದುದರಿಂದ ನೀರು ಸದಾ ದೇಹದೊಳಕ್ಕೆ ಸೇರುತ್ತದೆ, ಲವಣ ಹೊರಕ್ಕೆ ಸೋರುತ್ತದೆ. ನೀರಿಗೆ ಕೊಂಚ ಉಪ್ಪು ಬೆರೆತರೆ ಬಳಲಿದ ಮೀನಿಗೆ ಈ ಶ್ರಮ ತಗ್ಗುತ್ತದೆ. ನೈಟ್ರೈಟಿನ ವಿಷಕ್ಕೂ ಕ್ಲೋರೈಡು ತಡೆಯಾಗುತ್ತದೆ.

ಆದರೆ ಅಳತೆಯ ಪ್ರಶ್ನೆ ಇತಿಹಾಸಕಾರನಿಗೂ ಸೇರಿದುದು. ಶೇಕಡಾ 0.1ರ ಪ್ರಮಾಣಕ್ಕೆ 1000 ಲೀಟರು ನೀರಿಗೆ 1 ಕಿಲೋಗ್ರಾಂ ಉಪ್ಪು ಬೇಕು. 10 ಲಕ್ಷ ಲೀಟರಿನ ಕಲ್ಯಾಣಿಗೆ 1000 ಕಿಲೋಗ್ರಾಂ. ಒಳನಾಡಿಗೆ ಉಪ್ಪು ಕರಾವಳಿಯಿಂದ ಘಟ್ಟ ಹತ್ತಿ ಬರಬೇಕಿತ್ತು, ಇಲ್ಲವೇ ಚೌಳುಮಣ್ಣಿನಿಂದ ತೆಗೆಯಬೇಕಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕನನ್ ಈ ಎರಡನೆಯ ಬಗೆಯನ್ನು ವರ್ಣಿಸಿದ್ದಾನೆ. ಹೀಗೆ ಶ್ರಮದಿಂದ ದೊರೆತ ಉಪ್ಪನ್ನು ಕೊಳಕ್ಕೆ ಸುರಿಯುತ್ತಿದ್ದರೆಂದು ನಂಬಬೇಕಾದರೆ ಶಾಸನವನ್ನೋ ಲೆಕ್ಕಪತ್ರವನ್ನೋ ತೋರಿಸಬೇಕು.

ಈ ವಿಚಾರ ಕೇವಲ ಪಾಂಡಿತ್ಯದ್ದಲ್ಲ. ತೊಟ್ಟಿಯಲ್ಲಿ ಅಳೆದು ಹಾಕಿದ ಉಪ್ಪು ಮದ್ದಾಗಬಹುದು; ಹಿರಿಯರ ಪದ್ಧತಿಯೆಂಬ ನಂಬಿಕೆಯಿಂದ ಕುಕ್ಕರಹಳ್ಳಿಯಂಥ ಕೆರೆಗೆ ಸುರಿದರೆ, ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. ಕ್ರಮವೊಂದು ಉಪಯುಕ್ತವಾಗಿರಲು ಅದು ಪ್ರಾಚೀನವಾಗಿರಬೇಕೆಂಬ ನಿಯಮವಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕೆಂದು ನಮ್ಮ ಅಭಿಪ್ರಾಯ.